ನಿನ್ನೆಯ ನೀರು

ನಾಲ್ಕು ದಿನ ಉಪವಾಸ ಕೆಡವಿದ್ದೆ ಅದನ್ನು.
ಹೊಟೇಲಿನ ಅಡುಗೆಯವಳು ಕದ್ದು ಸೀಗಡಿ ಹಾಕಲು ಬಂದಾಗ
ಗದರಿದ್ದೆ: ಬುತ್ತಿ ಕಟ್ಟುವುದು ಮನುಷ್ಯರಿಗೆ ಕಣೇ,
ಇದು ಕಕ್ಕಿದ್ದು, ಹೇತದ್ದು, ಎಲ್ಲ ಅದೇ ನೀರಿಗೆ,
ಅದನ್ನೇ ಉಸಿರಾಡಬೇಕು ಮತ್ತೆ
ಎರಡು ಸಾವಿರದ ಇನ್ನೂರು ಕಿಲೋಮೀಟರು.

ಹೆಸರು ಬಾಸ್ತಿಕ್. ನಮ್ಮಲ್ಲಿ ಹಾಗೆಂದರೆ ಯಜಮಾನ.
ಕೆಂಪು ಬಾಲ, ಬಿಳಿ ಹೊಟ್ಟೆ, ಬೆಕ್ಕಿನ ಮೀಸೆ,
ಹದಿನಾಲ್ಕು ಕೆಜಿ, ಹನ್ನೊಂದು ವರ್ಷ;
ಅಕ್ತೋಬೆಯ ಹೊಟೇಲಿನ ಗಾಜಿನೊಳಗಿಂದ
ಎಷ್ಟು ಮದುವೆ ನೋಡಿತ್ತೋ.
ಹೊಟೇಲು ಮುಚ್ಚಿತು. ಕುರ್ಚಿಗಳು ಒಂದೇ ದಿನಕ್ಕೆ ಹರಾಜಾದವು.
ಇದನ್ನು ಕೇಳಿದವನು ಒಬ್ಬನೇ, ಅಲ್ಮಾಟಿಯ ದಂತವೈದ್ಯ.

ಬಲೆ ಹಾಕಬಾರದು ಇಂಥದಕ್ಕೆ. ಪಕ್ಕೆಯ ಮುಳ್ಳು ಸಿಕ್ಕಿಕೊಂಡರೆ
ಬಲೆ ಹರಿಯಬೇಕು, ಇಲ್ಲವೇ ಮೀನು.
ಒದ್ದೆ ತಾಡಪಾಲನ್ನು ಜೋಲಿ ಮಾಡಿ ಎತ್ತಿದೆವು
ನಾನೂ ಅಕ್ಕನ ಮಗ ಎರ್ಸಾಯಿನೂ.
ನೀಲಿ ತೊಟ್ಟಿ, ಐನೂರು ಲೀಟರು, ಅದರದೇ ಹಳೇ ನೀರು,
ಮೇಲೆ ಮುಚ್ಚಳ, ಅದರ ಮೇಲೆ ಅತ್ತೆಯ ಉಣ್ಣೆ ಕಂಬಳಿ:
ಕತ್ತಲಾದರೆ ಭಯ ಮಲಗುತ್ತದೆ.
ಬ್ಯಾಟರಿಯ ಮೇಲೆ ಗಾಳಿಯಂತ್ರ ಗುರುಗುರು.
ಆ ಸದ್ದು ನಿಂತರೆ ನಿದ್ದೆಯಲ್ಲೂ ಎಚ್ಚರಾಗುತ್ತೇನೆ.

ಹೊರಗೆ ಮೈನಸ್ ಹತ್ತೊಂಬತ್ತು. ತೊಟ್ಟಿಯಲ್ಲಿ ಇಪ್ಪತ್ತಾರು.
ನಡುವೆ ನಾಲ್ಕು ಬೆರಳು ಥರ್ಮಕೋಲು, ಮತ್ತೆ ನಾನು.

ಉಲ್ಬೋಸಿನ್ ನನ್ನ ಹೆಸರು. 'ಗಂಡಾಗಲಿ' ಎಂದು
ಐದನೇ ಹೆಣ್ಣಿನ ಮೇಲೆ ಅಪ್ಪ ಬರೆದ ಅರ್ಜಿ.
ಅರ್ಜಿ ಈಗ ವ್ಯಾನು ಓಡಿಸುತ್ತದೆ.
ಗುಂಡಿ ಬಂದ ಮೇಲೆ ಬ್ರೇಕು ಒತ್ತಬೇಡವೋ, ಎರ್ಸಾಯಿನ್ನನಿಗೆ ಹೇಳುತ್ತೇನೆ,
ಮೊದಲೇ ಒತ್ತು. ಗಾಡಿ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ.

ಅರಾಲ್ಸ್ಕ್ ಮುಟ್ಟಿದಾಗ ಬೆಳಗಿನ ಜಾವ.
ಪರೀಕ್ಷೆಯ ಕೊಳವೆ ಹಳದಿಯಿಂದ ಹಸಿರಿಗೆ ತಿರುಗಿತ್ತು.
ಉಪವಾಸದ ಮೀನೂ ಉಸಿರಿನಲ್ಲೇ ವಿಷ ಬಿಡುತ್ತದೆ,
ಯಾರ ತಪ್ಪೂ ಅಲ್ಲ.
ಚಹಾದಂಗಡಿಯ ಬಾಗಿಲು ಬಡಿದೆ: ನೀರು ಬೇಕು, ನೂರು ಲೀಟರು.
ಜಕ್ಸಿಲಿಕ್ ಅಜ್ಜ ಟೋಪಿ ಸರಿಮಾಡಿಕೊಂಡು ಕೇಳಿದ,
'ಇವತ್ತಿನದೋ, ನಿನ್ನೆಯದೋ?'

ಆ ಬೀದಿಯ ನಲ್ಲಿಗೆ ದಿನ ಬಿಟ್ಟು ದಿನ ನೀರು.
ಗೋಡೆಯುದ್ದ ಬಕೆಟ್ಟು, ಹಾಲಿನ ಕ್ಯಾನು, ಮಗುವಿನ ಟಬ್ಬು.
ಔಷಧಿಯ ವಾಸನೆ ಹಾರಿಹೋದ, ತೆಪ್ಪಗೆ ಕೂತ
ನಿನ್ನೆಯ ನೀರು. ಬಾಸ್ತಿಕ್ಕಿಗೆ ಬೇಕಾದದ್ದು ಅದೇ.

ಸಮೋವಾರಿನಲ್ಲಿ ಕಾಯಿಸಿ, ಬೆರೆಸಿ,
ಮೊಣಕೈ ಅದ್ದಿ ನೋಡಿ,
ಹಳೆಯದನ್ನು ಇಷ್ಟಿಷ್ಟೇ ಚೆಲ್ಲುತ್ತ ಹೊಸದನ್ನು ಇಷ್ಟಿಷ್ಟೇ ಹುಯ್ದೆವು.
ಎರಡು ಗಂಟೆ ಹಿಡಿಯಿತು. ಎರ್ಸಾಯಿನ್ ನಿಂತಲ್ಲೇ ತೂಕಡಿಸಿದ.

'ಮುಟ್ಟಲೇ?' ಅಂದ ಅಜ್ಜ.
ಹದಿನಾರಕ್ಕೆ ದೋಣಿ ಹತ್ತಿದವನಂತೆ.
ಸಮುದ್ರ ಎಲ್ಲಿ ಹೋಯಿತು ಎಂದು ನಾನು ಕೇಳಲಿಲ್ಲ,
ಬಂದವರೆಲ್ಲ ಅವನನ್ನು ಅದನ್ನೇ ಕೇಳುತ್ತಾರೆ.
ಮೊದಲು ಕೈ ಒದ್ದೆ ಮಾಡಿಕೊಂಡ, ಯಾರೂ ಹೇಳದೆ,
ಹಿಡಿಯಲಿಲ್ಲ, ಹೊಟ್ಟೆಯ ಕೆಳಗೆ ಅಂಗೈ ಬಿಚ್ಚಿ
ಸುಮ್ಮನೆ ಇಟ್ಟ.
ಮೀಸೆ ಮಣಿಕಟ್ಟನ್ನು ಒಮ್ಮೆ ತಡವಿತು.
'ನಮ್ಮದಲ್ಲ ಇದು,' ಅಂದ.
'ಅಲ್ಲ. ಅಮೆಜಾನಿನದು.'
'ಇರಲಿ.'
ಇಪ್ಪತ್ತೈದೂವರೆಗೆ ಇಳಿದಿತ್ತು ಉಷ್ಣಮಾಪಕ.
ಮುಚ್ಚಳ ಹಾಕು ಅನ್ನಲು ಬಾಯಿ ಬರಲಿಲ್ಲ.

ಚಹಾಕ್ಕೆ ದುಡ್ಡು ತಗೊಂಡ, ಎರಡು ಬಟ್ಟಲು, ಲೆಕ್ಕ ಹಾಕಿ.
ನೀರಿಗೆ ತಗೊಳ್ಳಲಿಲ್ಲ.

ಅಲ್ಮಾಟಿಯಲ್ಲಿ ದಂತವೈದ್ಯ ಚಪ್ಪಲಿ ಇಲ್ಲದೆ ಓಡಿ ಬಂದ.
ದೀಪ ಆರಿಸಿ ಅಂದೆ. ಇವತ್ತು ಊಟ ಹಾಕಬೇಡಿ ಅಂದೆ, ನಾಳೆಯೂ ಬೇಡ.
'ದಾರಿಯಲ್ಲಿ ನೀರು ಬದಲಿಸಿದಿರಾ? ಎಲ್ಲಿಯದು?'
'ಅರಾಲಿನದು,' ಅಂದೆ.
ತಮಾಷೆ ಅಂದುಕೊಂಡು ನಕ್ಕ.
ಒಳ್ಳೆಯ ಹಲ್ಲು.
ಬಾಸ್ತಿಕ್ ಹೊಸ ಗಾಜಿನ ಮೂಲೆಗೆ ಹೋಗಿ
ಗೋಡೆಗೆ ಮುಖ ಮಾಡಿ ಕೂತಿತ್ತು,
ಕಿವಿರು ಮಾತ್ರ ತೆರೆಯುತ್ತ, ಮುಚ್ಚುತ್ತ.